ದಾಣಿ: ಬಕೆಟ್ ಲೆಕ್ಕ ಬೇರೆ, ತಕ್ಕಡಿ ಲೆಕ್ಕ ಬೇರೆ

ಪ್ರಶ್ನೆ: ಹಸುವಿಗೆ ಹಾಕುವ ದಾಣಿ (ಕಾಳು, ಹಿಂಡಿ, ಬೂಸಾ ಬೆರೆಸಿದ ತಿನಿಸು) ಮನೆಯಲ್ಲೇ ಬೆರೆಸುತ್ತೇವೆ. ಎರಡು ಬಕೆಟ್ ಮೆಕ್ಕೆಜೋಳದ ನುಚ್ಚು, ಒಂದು ಬಕೆಟ್ ಪುಡಿ ಮಾಡಿದ ಶೇಂಗಾ ಹಿಂಡಿ, ಎರಡು ಬಕೆಟ್ ಗೋಧಿ ಬೂಸಾ. ಇತ್ತೀಚೆಗೆ ಹಸುವಿನ ಸಗಣಿ ತೆಳ್ಳಗಾಗಿದೆ, ಡೇರಿಯಲ್ಲಿ ಫ್ಯಾಟ್ ಕಮ್ಮಿ ಬರುತ್ತಿದೆ. ತಪ್ಪು ಎಲ್ಲಿ?
– ಓದುಗರೊಬ್ಬರು, ಹಾವೇರಿ

ಉತ್ತರ: ಮೊದಲು ಅನುಮಾನಿಸಬೇಕಾದ್ದು ನಿಮ್ಮ ಬಕೆಟನ್ನು. 10 ಲೀಟರ್ ಬಕೆಟ್‌ಗೆ ಮೆಕ್ಕೆಜೋಳದ ನುಚ್ಚು ಸುಮಾರು 6 ಕೆ.ಜಿ. ಹಿಡಿಯುತ್ತದೆ, ಹಿಂಡಿ ಪುಡಿಯೂ ಹೆಚ್ಚುಕಮ್ಮಿ ಅಷ್ಟೇ. ಬೂಸಾ ಹಗುರ, ಎರಡೂವರೆ ಕೆ.ಜಿ. ತೂಗಿದರೆ ಹೆಚ್ಚು. ಐದು ಬಕೆಟ್‌ನಲ್ಲಿ ಎರಡು ಜೋಳ, ಅಂದರೆ ನೂರಕ್ಕೆ 40 ಎಂದು ನೀವು ಅಂದುಕೊಂಡಿದ್ದೀರಿ. ತೂಗಿ ನೋಡಿದರೆ 23 ಕೆ.ಜಿ.ಯಲ್ಲಿ 12 ಕೆ.ಜಿ. ಜೋಳ, ಅಂದರೆ ನೂರಕ್ಕೆ 52. ಪಿಷ್ಟ ಇಷ್ಟು ಹೆಚ್ಚಾದರೆ ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆಯಲ್ಲಿ ಹುಳಿ ಏರುತ್ತದೆ. ಸಗಣಿ ತೆಳ್ಳಗಾಗುವುದು, ಫ್ಯಾಟ್ ಇಳಿಯುವುದು ಎರಡಕ್ಕೂ ಅದೇ ಕಾರಣ ಇರಬಹುದು. ಒಣಮೇವು ಕಡಿಮೆ ಮಾಡಿದ್ದರೆ ಇನ್ನೂ ಬೇಗ.

ಹಾಲು ಕೊಡುವ ಹಸುವಿಗೆ 100 ಕೆ.ಜಿ. ದಾಣಿಯ ಲೆಕ್ಕ ಹೀಗಿರಲಿ: ಮೆಕ್ಕೆಜೋಳ 40, ಶೇಂಗಾ ಹಿಂಡಿ 20, ಗೋಧಿ ಬೂಸಾ 27, ತೊಗರಿ ಚುನ್ನಿ (ಬೇಳೆ ಮಾಡುವಾಗ ಉಳಿಯುವ ಸಿಪ್ಪೆ-ನುಚ್ಚು) 10, ಖನಿಜ ಮಿಶ್ರಣ 2, ಉಪ್ಪು 1. ಪ್ರೋಟೀನ್ ನೂರಕ್ಕೆ 17ರ ಆಸುಪಾಸು ಸಿಗುತ್ತದೆ. ಬಕೆಟ್‌ನಲ್ಲಿ ಹೇಳುವುದಾದರೆ ಜೋಳ ಏಳಕ್ಕೂ ಕಮ್ಮಿ, ಬೂಸಾ ಹನ್ನೊಂದರ ಹತ್ತಿರ.

ಬಕೆಟ್ ಬಿಡಬೇಕೆಂದಿಲ್ಲ. ತೂಗುಹಾಕುವ ತಕ್ಕಡಿ ಒಂದು ಸಾಕು. ಖಾಲಿ ಬಕೆಟ್‌ನ ತೂಕ ಕಳೆದು, ಪ್ರತಿ ಪದಾರ್ಥವನ್ನೂ ಬೇರೆಬೇರೆ ತೂಗಿ, 5 ಕೆ.ಜಿ. ಎಲ್ಲಿಗೆ ಬರುತ್ತದೋ ಅಲ್ಲಿ ಬಣ್ಣದ ಗೆರೆ ಎಳೆಯಿರಿ. ಬೂಸಾಕ್ಕೆ ಒಂದು ಬಕೆಟ್ ಸಾಲದು, ಅದರ ಗೆರೆ 2 ಕೆ.ಜಿ.ಗೇ ಹಾಕಿ. ಅಳೆಯುವಾಗ ಬಕೆಟ್ ಕುಕ್ಕಬೇಡಿ, ಕೈಯಿಂದ ಒತ್ತಬೇಡಿ. ಒತ್ತಿದ ಬೂಸಾ ಗೆರೆಯೊಳಗೇ ಎಷ್ಟು ಹೆಚ್ಚು ಹಿಡಿಯುತ್ತದೆಂದು ಒಮ್ಮೆ ತೂಗಿ ನೋಡಿ, ಆಮೇಲೆ ನೀವೇ ಒತ್ತುವುದಿಲ್ಲ. ಹೊಸ ಚೀಲ ಬಿಚ್ಚಿದಾಗಲೆಲ್ಲ ಮತ್ತೆ ತೂಗಿ. ಗಿರಣಿ ಬದಲಾದರೂ ನುಚ್ಚಿನ ತೂಕ ಬದಲಾಗುತ್ತದೆ.

ದಿನಾ ಹಾಕುವ ಡಬ್ಬಿಯನ್ನೂ ತೂಗಿ. ಈ ಮಿಶ್ರಣ ಲೀಟರ್‌ಗೆ ಅರ್ಧ ಕೆ.ಜಿ.ಯೂ ತೂಗುವುದಿಲ್ಲ. ಮೈಪೋಷಣೆಗೆ ಒಂದೂವರೆಯಿಂದ 2 ಕೆ.ಜಿ., ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ 1 ಕೆ.ಜಿ. (ಎಮ್ಮೆಗೆ 2 ಲೀಟರ್‌ಗೇ 1 ಕೆ.ಜಿ.). 10 ಲೀಟರ್ ಹಸುವಿಗೆ ದಿನಕ್ಕೆ ಸುಮಾರು 6 ಕೆ.ಜಿ., ಎರಡು ಮೂರು ಹೊತ್ತಿಗೆ ಹಂಚಿ. ಹಳೆಯದರಿಂದ ಹೊಸ ಮಿಶ್ರಣಕ್ಕೆ ಒಂದೇ ದಿನ ಹಾರಬೇಡಿ, ವಾರ ಹತ್ತು ದಿನ ತೆಗೆದುಕೊಳ್ಳಿ.

ಪ್ರಶ್ನೆ: 100 ಕೆ.ಜಿ. ದಾಣಿಗೆ ಖನಿಜ ಮಿಶ್ರಣ ಬರೀ 2 ಕೆ.ಜಿ. ಅದು ಎಲ್ಲ ಕಡೆ ಹರಡುವಂತೆ ಬೆರೆಸುವುದು ಹೇಗೆ? ಯಂತ್ರ ಇಲ್ಲ.
– ಓದುಗರೊಬ್ಬರು, ಶಿರಾ

ಉತ್ತರ: ಯಂತ್ರ ಬೇಡ, ಸಲಿಕೆ ಸಾಕು. ಆದರೆ ಖನಿಜವನ್ನು ನೇರ ರಾಶಿಗೆ ಎರಚಬಾರದು; ಭಾರದ ಪುಡಿ ಕೆಳಗಿಳಿದು ಅಡಿಯಲ್ಲಿ ಕೂರುತ್ತದೆ, ಚೀಲದ ಕೊನೆಯ ಪಾಲು ತಿಂದ ಹಸುವಿಗೆ ಎಲ್ಲ ಉಪ್ಪೂ. ಉಪ್ಪಿನ ಗಂಟು ಒಡೆದು ಖನಿಜದ ಜೊತೆ ಸೇರಿಸಿ. ಈ 3 ಕೆ.ಜಿ.ಯನ್ನು ಮೊದಲು 3 ಕೆ.ಜಿ. ಬೂಸಾದಲ್ಲಿ, ಅದನ್ನು ಇನ್ನೂ 6 ಕೆ.ಜಿ. ಬೂಸಾದಲ್ಲಿ ಕೈಯಾಡಿಸಿ. ಒಣಗಿದ ಸಿಮೆಂಟ್ ನೆಲದ ಮೇಲೋ ತಾಡಪಾಲಿನ ಮೇಲೋ ಜೋಳ, ಹಿಂಡಿ, ಚುನ್ನಿ, ಉಳಿದ ಬೂಸಾ ಪದರ ಪದರವಾಗಿ ಹರಡಿ, ಮೇಲೆ ಈ ಖನಿಜದ ಬೂಸಾ ಸಮನಾಗಿ ಉದುರಿಸಿ. ಸಲಿಕೆಯನ್ನು ಅಂಚಿನಿಂದ ನೆಲದವರೆಗೆ ಇಳಿಸಿ, ಪದರ ಅಡ್ಡಲಾಗಿ ಕತ್ತರಿಸುವಂತೆ ತೆಗೆದು ಪಕ್ಕಕ್ಕೆ ಹೊಸ ರಾಶಿ ಮಾಡಿ. ಹೀಗೆ ನಾಲ್ಕು ಸಲ. ಬಿಳಿ ಪಟ್ಟೆಯೋ ಜೋಳದ ಹಳದಿ ಗುಂಪೋ ಕಂಡರೆ ಐದನೆಯದು. ನೀರು ಚಿಮುಕಿಸಬೇಡಿ, ಬೂಷ್ಟು ಹಿಡಿಯುತ್ತದೆ.

ಪ್ರಶ್ನೆ: ದಾಣಿಗೆ ಹಾಕುವ ಮೆಕ್ಕೆಜೋಳ ಎಷ್ಟು ನುಣ್ಣಗಿರಬೇಕು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ರವೆಯಷ್ಟೋ ಅದಕ್ಕಿಂತ ದಪ್ಪವೋ ಇರಲಿ, ಹಿಟ್ಟಾಗಬಾರದು. ಹಿಟ್ಟು ಹೊಟ್ಟೆಯಲ್ಲಿ ಬೇಗ ಹುಳಿಯುತ್ತದೆ, ಮೂಗಿಗೆ ಧೂಳೂ ಹೋಗುತ್ತದೆ. ಬಿಡಿ ಕಾಳು ಹಾಕಿದರೆ ಬೇರೆ ನಷ್ಟ: ಒಂದು ಹಿಡಿ ಸಗಣಿ ಜರಡಿಯಲ್ಲಿ ತೊಳೆದು ನೋಡಿ, ಇಡೀ ಕಾಳು ಉಳಿದರೆ ನಿಮ್ಮ ದುಡ್ಡು ತಿಪ್ಪೆಗೆ.

ಪ್ರಶ್ನೆ: ಶೇಂಗಾ ಹಿಂಡಿ ದುಬಾರಿ. ಅಷ್ಟೇ ತೂಕದ ಹತ್ತಿಕಾಳು ಹಿಂಡಿ ಹಾಕಬಹುದೇ? ಮನೆಯಲ್ಲಿ ಸ್ವಲ್ಪ ಬೂಷ್ಟು ಬಂದ ಶೇಂಗಾ ಹಿಂಡಿಯೂ ಇದೆ.
– ಓದುಗರೊಬ್ಬರು, ಗದಗ

ಉತ್ತರ: ತೂಕಕ್ಕೆ ತೂಕ ಸರಿಹೋಗದು. ಶೇಂಗಾ ಹಿಂಡಿಯಲ್ಲಿ ಪ್ರೋಟೀನ್ ನೂರಕ್ಕೆ 40 ದಾಟುತ್ತದೆ, ಸಿಪ್ಪೆಸಹಿತ ಹತ್ತಿಕಾಳು ಹಿಂಡಿಯಲ್ಲಿ 22ರ ಸುತ್ತ. ಶೇಂಗಾ 10, ಹತ್ತಿಕಾಳು 20, ಜೋಳ 35, ಬೂಸಾ 22 ಮಾಡಿ, ಉಳಿದದ್ದು ಮೊದಲಿನಂತೆಯೇ. ಎಳೆ ಕರುಗಳಿಗೆ ಹತ್ತಿಕಾಳು ಹಿಂಡಿ ಬೇಡವೇ ಬೇಡ. ಅದರಲ್ಲಿರುವ ಗಾಸಿಪಾಲ್ ಅವುಗಳಿಗೆ ವಿಷ.

ಬೂಷ್ಟು ಹಿಂಡಿಯನ್ನು ಒಣಗಿಸಿ ಬೆರೆಸುವ ಯೋಚನೆ ಬಿಡಿ. ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಎಂಬ ವಿಷ ಬಿಸಿಲಿಗೆ ಇಟ್ಟ ಮಾತ್ರಕ್ಕೆ ಹೋಗುವುದಿಲ್ಲ, ಹಾಲಿಗೂ ಇಳಿಯುತ್ತದೆ, ಆ ಹಾಲು ಕಾಯಿಸಿದರೂ ಅಲ್ಲೇ ಇರುತ್ತದೆ. ಕೋಳಿಗೂ ಹಾಕಬೇಡಿ, ಗುಂಡಿ ತೋಡಿ ಮುಚ್ಚಿ.