ಹತ್ತುವಾಗ ಸುಮ್ಮನಿದ್ದ ತಿರುವು ಇಳಿಯುವಾಗ ಯಾಕೆ ಜಾರಿತು?

ಒಂದೇ ತಿರುವನ್ನು ಮಳೆಯಲ್ಲೇ 50ರ ವೇಗದಲ್ಲಿ ಹತ್ತಿದಿರಿ, ಏನೂ ಆಗಲಿಲ್ಲ. ಅದೇ ವೇಗದಲ್ಲಿ ಇಳಿಯುವಾಗ ಬ್ರೇಕ್ ಒತ್ತಿದ್ದೇ ತಡ, ಕಾರಿನ ಹಿಂಭಾಗ ಹೊರಕ್ಕೆ ಜಾರಿತು. ರಸ್ತೆಯನ್ನು ಒಳಬದಿಗೆ ಇನ್ನಷ್ಟು ಓರೆ ಮಾಡಿದ್ದರೆ ಸಾಕಿತ್ತಲ್ವಾ ಅಂತ ಕೇಳಿದ್ದೀರಿ. ನಿಮಗೆ ಪೆಟ್ಟಾಗಲಿಲ್ಲ ಅನ್ನೋದು ಓದಿ ನಿಜಕ್ಕೂ ಸಮಾಧಾನವಾಯಿತು.

ಟೈರಿಗೆ ಇರುವುದು ಒಂದೇ ಹಿಡಿತ. ತಿರುಗಲೂ ಅದೇ ಬೇಕು, ನಿಲ್ಲಿಸಲೂ ಅದೇ ಬೇಕು. ತಿರುವಿನ ತ್ರಿಜ್ಯ 50 ಮೀಟರ್ ಅಂದುಕೊಳ್ಳಿ. 50 ಕಿ.ಮೀ. ವೇಗದಲ್ಲಿ ತಿರುಗಲು ಕಾರಿನ ತೂಕದ ಶೇ 39ರಷ್ಟು ಬಲ ಒಳಮುಖವಾಗಿ ಬೇಕು. ರಸ್ತೆಯ ಓರೆ ಶೇ 7 ಇದ್ದರೆ ಅದು 7ನ್ನು ಕೊಡುತ್ತದೆ, ಉಳಿದ 32 ಟೈರಿನ ಪಾಲು. ಒದ್ದೆ ರಸ್ತೆಯಲ್ಲಿ ಟೈರು ಕೊಡುವುದೇ ತೂಕದ ಸುಮಾರು ಶೇ 50 ಅಂತಿಟ್ಟುಕೊಳ್ಳಿ. ಅದರ ಮೇಲೆ ನೀವು ಜೋರಾಗಿ ಬ್ರೇಕ್ ಒತ್ತಿ 40 ಕೇಳಿದರೆ, ಎರಡೂ ಒಂದಕ್ಕೊಂದು ಲಂಬ ದಿಕ್ಕಿನವಾದ್ದರಿಂದ (ನೇರವಾಗಿ ಕೂಡಿಸದೆ, ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ) ಸೇರಿ 51 ಆಗುತ್ತದೆ. ಅಲ್ಲಿಗೆ ಮುಗಿಯಿತು. ಸಾಲದ್ದಕ್ಕೆ ಇಳಿಜಾರು, ಬ್ರೇಕು ಎರಡೂ ತೂಕವನ್ನು ಮುಂದಿನ ಚಕ್ರಗಳ ಮೇಲೆ ತಳ್ಳುತ್ತವೆ, ಹಿಂದಿನ ಚಕ್ರ ಹಗುರವಾಗುತ್ತದೆ, ಅದಕ್ಕೇ ಮೊದಲು ಜಾರಿದ್ದು ಹಿಂಭಾಗ. ಹತ್ತುವಾಗ ಹಾಗಲ್ಲ, ಕಾಲು ಎತ್ತಿದರೆ ಸಾಕು, ಏರೇ ವೇಗ ತಗ್ಗಿಸುತ್ತದೆ.

ಓರೆ ಜಾಸ್ತಿ ಮಾಡುವ ಮಾತಿಗೆ ನಾನು ಒಪ್ಪುವುದಿಲ್ಲ. ಅದೇ ದಾರಿಯಲ್ಲಿ ಎತ್ತರಕ್ಕೆ ಲೋಡು ತುಂಬಿದ ಲಾರಿ ನಡಿಗೆಯ ವೇಗದಲ್ಲಿ ಬರುತ್ತದೆ, ಕೆಲವೊಮ್ಮೆ ನಿಂತೇ ಬಿಡುತ್ತದೆ. ಅತಿಯಾದ ಓರೆಯಲ್ಲಿ ಅದು ಒಳಗೆ ವಾಲುತ್ತದೆ.

ನನ್ನ ಪ್ರಕಾರ ಸರಿಪಡಿಸಬೇಕಾದ್ದು ತಿರುವಿನೊಳಗಿನ ಇಳಿಜಾರನ್ನು. ರಸ್ತೆಯ ನಡುಗೆರೆಯಲ್ಲಿ ಶೇ 8 ಇಳಿತ, 15 ಮೀಟರ್ ತ್ರಿಜ್ಯ ಇರುವ ಕಡಿದಾದ ತಿರುವು ನೋಡಿ. ಒಳಬದಿಯಲ್ಲಿ 12 ಮೀಟರ್ ತ್ರಿಜ್ಯದಲ್ಲಿ ಹೋಗುವ ಚಕ್ರ ಅಷ್ಟೇ ಎತ್ತರವನ್ನು ಕಡಿಮೆ ದೂರದಲ್ಲಿ ಇಳಿಯಬೇಕು, ಅಲ್ಲಿ ಇಳಿತ ಶೇ 10! ನಕ್ಷೆಯಲ್ಲಿ ಬರೀ ನಡುಗೆರೆ ನೋಡಿದವರಿಗೆ ಇದು ಕಾಣುವುದೇ ಇಲ್ಲ. ಅದಕ್ಕೇ ತಿರುವಿನಲ್ಲಿ ಇಳಿಜಾರು ತಗ್ಗಿಸಬೇಕು, ಉದ್ದ ಇಳಿಜಾರಿನ ಕೊನೆಯಲ್ಲಿ ಬಿಗಿ ತಿರುವು ಇಡಲೇಬಾರದು. ಅಷ್ಟು ಹೊತ್ತಿಗೆ ಬ್ರೇಕು ಕಾದು ಸೋತಿರುತ್ತದೆ.

ಅಲ್ಲಿ 40 ಅಂತ ಬೋರ್ಡ್ ಇತ್ತು ಎಂದು ನೀವೇ ಬರೆದಿದ್ದೀರಿ. 40ರಲ್ಲಿ ತಿರುಗಲು ಟೈರಿನಿಂದ ಬೇಕಾಗುವುದು 18 ಮಾತ್ರ. ಅಷ್ಟೇ ಜೋರಾಗಿ ಬ್ರೇಕ್ ಒತ್ತಿದ್ದರೂ ಒಟ್ಟು 44 ಆಗುತ್ತಿತ್ತು, ಕಾರು ದಾರಿ ಬಿಡುತ್ತಿರಲಿಲ್ಲ.