ಅಂಬಾಸಿಡರ್‌ಗೆ ಹೊಸ ಕ್ಯಾಮ್: ಚುಕ್ಕಿ ಕೂಡಿಸಿದರೆ ಸಾಕಾ, ಡಿಗ್ರಿ ನೋಡಬೇಕಾ?

ತಂದೆಯವರ 1489 ಸಿಸಿ ಪೆಟ್ರೋಲ್ ಅಂಬಾಸಿಡರ್ ಎಂಜಿನ್ ಪೂರ್ತಿ ಬಿಚ್ಚಿದ್ದೀರಿ, ಹೊಸ ಕ್ಯಾಮ್‌ಶಾಫ್ಟ್, ಚೈನು, ಗೇರು ತಂದಿಟ್ಟಿದ್ದೀರಿ. ಕ್ಯಾಮ್ ಅಂದರೆ ವಾಲ್ವುಗಳನ್ನು ಎತ್ತುವ ಉಬ್ಬುಗಳಿರುವ (ಲೋಬ್) ದಂಡ; ಪಿಸ್ಟನ್ನುಗಳಿಂದ ತಿರುಗುವ ಕ್ರ್ಯಾಂಕ್ ಅದನ್ನು ಚೈನಿನಿಂದ ತಿರುಗಿಸುತ್ತದೆ. ಮಿಸ್ತ್ರಿ ನೋಡಿದರೆ ಎರಡೂ ಗೇರಿನ ಮೇಲಿನ ಗುರುತು ತೋರಿಸಿ "ಚುಕ್ಕಿಗೆ ಚುಕ್ಕಿ ಕೂಡಿಸಿದ್ರ ಮುಗೀತು" ಅಂತಾರೆ. ಡಿಗ್ರಿ ಹಚ್ಚಿ ನೋಡೋದು, ಅಂದರೆ ಕ್ರ್ಯಾಂಕ್ ಎಷ್ಟು ಡಿಗ್ರಿ ತಿರುಗಿದಾಗ ಕ್ಯಾಮ್ ವಾಲ್ವನ್ನು ಎತ್ತುತ್ತದೆ ಅಂತ ಅಳೆಯೋದು, ಬೇಕಾ ಅಂತ ನಿಮ್ಮ ಪ್ರಶ್ನೆ. ಬೇಕು ರೀ. ಬಹಳ ಸಲ ನೋಡಿದ ಮೇಲೆ ಏನೂ ಬದಲಿಸುವ ಕೆಲಸ ಬೀಳುವುದಿಲ್ಲ, ಆದರೂ ನೋಡಿ.

ನಾನು ನೋಡದೆ ಕೆಟ್ಟವನು. ಇಲ್ಲೇ ಕಲಬುರಗಿಯಲ್ಲಿ, ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿ, ನಿಮ್ಮಂಥದ್ದೇ ಗಾಡಿ. ಹೊಸ ಕ್ಯಾಮು, ಡಬ್ಬಿಯ ಮೇಲೆ ಹೆಸರೇ ಇಲ್ಲದ ಹೊಸ ಕ್ಯಾಮ್ ಗೇರು. ಎರಡೂ ಗೇರಿನ ಚುಕ್ಕಿ ಎದುರುಬದುರು ನಿಲ್ಲಿಸಿ, ಕವರ್ ಮುಚ್ಚಿ, ಎಂಜಿನ್ ಕೂಡಿಸಿದೆ. ಒಂದೇ ಸಲ ಸೆಲ್ಫ್ ಹೊಡೆದದ್ದಕ್ಕೆ ಸ್ಟಾರ್ಟ್ ಆಯಿತು, ಐಡ್ಲಿಂಗ್ ಕೂಡ ಚೆನ್ನಾಗಿತ್ತು. ಆದರೆ ಐದು ಜನ ಕೂತು ರೈಲ್ವೆ ಮೇಲ್ಸೇತುವೆ ಏರುವಾಗ ಮೂರನೇ ಗೇರಿನಲ್ಲಿ ಉಸಿರು ಕಟ್ಟಿತು, ಸೆಕೆಂಡಿಗೆ ಇಳಿಸಬೇಕಾಯಿತು. ಕಾರ್ಬುರೇಟರ್ ಎರಡು ಸಲ ಬಿಚ್ಚಿದೆ, ಪಾಯಿಂಟ್ ಬದಲಿಸಿದೆ, ಇಗ್ನಿಷನ್ ಟೈಮಿಂಗ್ ಆಚೀಚೆ ಮಾಡಿದೆ. ಎರಡು ತಿಂಗಳು ಹೋಯಿತು. ಕೊನೆಗೆ ಮತ್ತೆ ಎಲ್ಲಾ ಬಿಚ್ಚಿ ಅಳೆದರೆ ಕ್ಯಾಮ್ 6 ಡಿಗ್ರಿ ಹಿಂದೆ. ಚುಕ್ಕಿಗಳು ಮಾತ್ರ ಒಂದಕ್ಕೊಂದು ಮುಖ ಮಾಡಿಕೊಂಡೇ ನಿಂತಿದ್ದವು. ಗೇರನ್ನು ಶಾಫ್ಟಿಗೆ ಹಿಡಿದಿಡುವ ಚಾವಿ (ಕೀ) ಕೂರುವ ಸೀಳನ್ನೇ ಗೇರಿನಲ್ಲಿ ಓರೆಯಾಗಿ ಕೊರೆದಿದ್ದರು.

ಕ್ಯಾಮ್ ಹಿಂದೆ ಬಿದ್ದರೆ ಇನ್ಲೆಟ್ ವಾಲ್ವ್ ತಡವಾಗಿ ಮುಚ್ಚುತ್ತದೆ. ಎಂಜಿನ್ ನಿಧಾನವಾಗಿ ತಿರುಗುವಾಗ, ಮೇಲೇರುವ ಪಿಸ್ಟನ್ ಆಗಷ್ಟೇ ಎಳೆದುಕೊಂಡ ಮಿಕ್ಸ್ಚರನ್ನು ವಾಪಸ್ ಕಾರ್ಬುರೇಟರ್ ಕಡೆ ತಳ್ಳುತ್ತದೆ. ಹೀಗಾಗಿ ಕೆಳಗಿನ ಪಿಕಪ್ ಸಾಯುತ್ತದೆ. ಜಾಸ್ತಿ ಆರ್‌ಪಿಎಂನಲ್ಲಿ ಅಷ್ಟು ಗೊತ್ತಾಗುವುದಿಲ್ಲ, ಆದರೆ ಅಂಬಾಸಿಡರನ್ನು ಯಾರು ರೇಸಿಗೆ ಒಯ್ಯುತ್ತಾರೆ!

ಈಗ ಅಳೆಯುವ ರೀತಿ. ಡಿಗ್ರಿ ವೀಲ್ ಕೊಳ್ಳುವ ಅಗತ್ಯವಿಲ್ಲ. ನಾನು ಮಾಡಿದ್ದು ಅಡುಗೆಮನೆಯ ಸ್ಟೀಲ್ ತಟ್ಟೆಯಿಂದ. 23 ಸೆಂ.ಮೀ. ಅಗಲದ ತಟ್ಟೆಯ ಅಂಚಿನಲ್ಲಿ ಒಂದು ಡಿಗ್ರಿಗೆ ಸರಿಯಾಗಿ 2 ಮಿ.ಮೀ. ಜಾಗ ಸಿಗುತ್ತದೆ. 360 ಡಿಗ್ರಿ ಚಕ್ರ ಪ್ರಿಂಟ್ ತೆಗೆಸಿ ಅಂಟಿಸಿ, ನಡುವೆ ತೂತು ಕೊರೆಸಿ ಕ್ರ್ಯಾಂಕ್ ಬೋಲ್ಟಿಗೆ ಬಿಗಿದೆ. ಸಿ.ಡಿ. ಮೇಲೆ ಅಂಟಿಸುವವರೂ ಇದ್ದಾರೆ. ಅದರಲ್ಲಿ ಡಿಗ್ರಿಗೆ ಒಂದು ಮಿ.ಮೀ. ಮಾತ್ರ ಸಿಗುವುದು, ನನ್ನ ಕಣ್ಣಿಗೆ ಅದು ಆಗುವುದಿಲ್ಲ. ಮುಳ್ಳಿಗೆ ಗಟ್ಟಿ ತಂತಿ.

ಎಲ್ಲಕ್ಕಿಂತ ಮೊದಲು ಒಂದನೇ ಪಿಸ್ಟನ್ನಿನ ನಿಜವಾದ ಟಾಪ್ ಸೆಂಟರ್, ಅಂದರೆ ಪಿಸ್ಟನ್ ಅತಿ ಮೇಲೆ ಬರುವ ಜಾಗ, ಹಿಡಿಯಬೇಕು. ಮುಕ್ಕಾಲು ಜನ ತಪ್ಪುವುದು ಇಲ್ಲೇ. ಪಿಸ್ಟನ್ ತಲೆಯ ಮೇಲೆ ಸ್ಕ್ರೂಡ್ರೈವರ್ ಇಟ್ಟು "ಇನ್ನ ಏರವಲ್ದು, ಇದೇ ಟಾಪ್" ಅನ್ನುವುದು ನಂಬಿಕೆಯ ಮಾತಲ್ಲ. ಈ ಎಂಜಿನ್ನಿನ ಸ್ಟ್ರೋಕ್ (ಪಿಸ್ಟನ್ ಮೇಲಿಂದ ಕೆಳಗೆ ಓಡುವ ದೂರ) 88.9 ಮಿ.ಮೀ. ಟಾಪ್‌ನಿಂದ ಕ್ರ್ಯಾಂಕ್ 5 ಡಿಗ್ರಿ ಸರಿದರೂ ಪಿಸ್ಟನ್ ಇಳಿಯುವುದು 0.2 ಮಿ.ಮೀ. ಆಸುಪಾಸು. ಅದು ಕೈಗೆ ಎಲ್ಲಿ ತಿಳಿಯಬೇಕು? ಹೆಡ್ ಹೇಗೂ ಬಿಚ್ಚಿದ್ದೀರಲ್ಲ, ಬೋರಿನ ಮೇಲೆ ಅಡ್ಡಲಾಗಿ ಒಂದು ದಪ್ಪ ಕಬ್ಬಿಣದ ಪಟ್ಟಿಯನ್ನು ಹೆಡ್ ಸ್ಟಡ್‌ಗಳಿಗೆ ಬಿಗಿಯಿರಿ, ಪಟ್ಟಿಯ ನಡುವೆ ಕೆಳಮುಖವಾಗಿ ಒಂದು ಬೋಲ್ಟ್ ಇರಲಿ. ಕ್ರ್ಯಾಂಕನ್ನು ಮೆಲ್ಲಗೆ ಒಂದು ಕಡೆ ತಿರುಗಿಸಿ, ಪಿಸ್ಟನ್ ಬೋಲ್ಟಿಗೆ ತಾಗಿದಾಗ ಅಂಕಿ ಬರೆದುಕೊಳ್ಳಿ. ಇನ್ನೊಂದು ಕಡೆಯಿಂದಲೂ ಹಾಗೇ. ನನಗೆ ಒಂದು ಕಡೆ 22, ಇನ್ನೊಂದು ಕಡೆ 28 ಬಂದಿತ್ತು. ಎರಡೂ ಕಡೆ 25 ಬರುವ ಹಾಗೆ ಮುಳ್ಳನ್ನು 3 ಡಿಗ್ರಿ ಬಗ್ಗಿಸಿದೆ. ಆಗ ಸೊನ್ನೆ ಎಲ್ಲಿದೆಯೋ ಅದೇ ನಿಜವಾದ ಟಾಪ್. ಪಟ್ಟಿ ತೆಗೆದುಬಿಡಿ.

ಮುಂದೆ ಒಂದನೇ ಸಿಲಿಂಡರ್ ಇನ್ಲೆಟ್ಟಿನ, ಕ್ಯಾಮಿನ ಎತ್ತನ್ನು ವಾಲ್ವಿನ ಕಡೆಗೆ ಮುಟ್ಟಿಸುವ ಟ್ಯಾಪೆಟ್, ಪುಶ್‌ರಾಡ್ ಹಾಕಿ, ರಾಡಿನ ತಲೆಯ ಮೇಲೆ ಡಯಲ್ ಗೇಜ್ (ಸಣ್ಣ ಏರಿಳಿತ ಮುಳ್ಳಿನಲ್ಲಿ ತೋರಿಸುವ ಅಳತೆಗೋಲು) ನೇರವಾಗಿ ಕೂಡಿಸಿ. ಕ್ರ್ಯಾಂಕನ್ನು ಎಂಜಿನ್ ಓಡುವ ದಿಕ್ಕಿಗೇ ತಿರುಗಿಸಬೇಕು, ಹಿಂದಕ್ಕೆ ತಿರುಗಿಸಿದರೆ ಚೈನಿನ ಸಡಿಲು ರೀಡಿಂಗಿಗೆ ಸೇರುತ್ತದೆ. ದಾಟಿ ಹೋದರೆ ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಬನ್ನಿ. ಪೂರ್ತಿ ಎತ್ತರಕ್ಕೆ ಬಂದಲ್ಲಿ ಗೇಜ್ ಸೊನ್ನೆ ಮಾಡಿ. ಆ ಎತ್ತರ ತಲುಪುವ ಮೊದಲು 1.27 ಮಿ.ಮೀ. ಕಡಿಮೆ ಇದ್ದಾಗ ಒಂದು ಅಂಕಿ, ದಾಟಿ ಅಷ್ಟೇ ಇಳಿದಾಗ ಇನ್ನೊಂದು. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ, ಟಾಪ್ ದಾಟಿ ಎಷ್ಟು ಡಿಗ್ರಿಗೆ ಉಬ್ಬಿನ ನಡು ಬರುತ್ತದೆ ಅನ್ನುವ ಇನ್ಲೆಟ್ ಸೆಂಟರ್‌ಲೈನ್ ಸಿಕ್ಕಿತು. ನನ್ನದು 76 ಮತ್ತು 156 ಬಂತು, ಅಂದರೆ 116.

ಎಷ್ಟು ಇರಬೇಕು ಅನ್ನುವುದು ಕ್ಯಾಮ್ ಜೊತೆ ಬರುವ ಚೀಟಿಯಿಂದ ಗೊತ್ತಾಗುತ್ತದೆ. ಇನ್ಲೆಟ್ ಟಾಪ್‌ಗೆ 5 ಡಿಗ್ರಿ ಮೊದಲು ತೆರೆದು, ಬಾಟಮ್ ದಾಟಿ 45ಕ್ಕೆ ಮುಚ್ಚುತ್ತದೆ ಅಂತ ಬರೆದಿದ್ದರೆ ಒಟ್ಟು 230, ಅರ್ಧ 115, ಅದರಲ್ಲಿ 5 ಕಳೆದರೆ 110. ನನ್ನ ಚೀಟಿಯ ಲೆಕ್ಕವೂ 110. ಒಂದೆರಡು ಡಿಗ್ರಿ ಆಚೀಚೆ ಇದ್ದರೆ ಬಿಟ್ಟುಬಿಡಿ, ಅದರ ಬೆನ್ನು ಹತ್ತಬೇಡಿ. ನಾಲ್ಕು ದಾಟಿದರೆ ಸರಿಪಡಿಸಿ.

ಹಲ್ಲು ದಾಟಿಸಿ ಸರಿಮಾಡ್ತೀನಿ ಅಂದರೆ ಆಗುವುದಿಲ್ಲ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ತಿರುಗುವುದು ಒಂದೇ ಸುತ್ತು. ಕ್ಯಾಮ್ ಗೇರಿಗೆ 40 ಹಲ್ಲಿದ್ದರೆ ಒಂದು ಹಲ್ಲು ಅಂದರೆ ಕ್ರ್ಯಾಂಕಿನಲ್ಲಿ 18 ಡಿಗ್ರಿ. ಬೇರೆ ಒಳ್ಳೆಯ ಗೇರು ಸಿಕ್ಕರೆ ಅದೇ ಚೆಂದ. ನನಗೆ ಸಿಗಲಿಲ್ಲ, ಕಪನೂರಿನ ಒಂದು ಲೇಥಿನಲ್ಲಿ ಮೆಟ್ಟಿಲು ಚಾವಿ ಮಾಡಿಸಿದೆ. ಕ್ರ್ಯಾಂಕಿನ 6 ಡಿಗ್ರಿ ಅಂದರೆ ಕ್ಯಾಮಿನಲ್ಲಿ 3. ಶಾಫ್ಟ್ 25 ಮಿ.ಮೀ. ಇದ್ದರೆ ಚಾವಿಯ ಮೇಲರ್ಧ ಕೆಳಗರ್ಧಕ್ಕಿಂತ ಸುಮಾರು 0.65 ಮಿ.ಮೀ. ಸರಿದಿರಬೇಕು. ಒಂದು ಮಿ.ಮೀ. ಕೂಡ ಇಲ್ಲದ ಮೆಟ್ಟಿಲು! ಅದನ್ನು ಹಾಕಿ ಅಳೆದರೆ 122. ಉಲ್ಟಾ ಹಾಕಿದ್ದೆ. ಲೇಥಿನವರು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ಕ್ಯಾಮ್ ಹಿಂದೆ ಇದ್ದಾಗ ಚಾವಿಯ ಶಾಫ್ಟ್ ಕಡೆಯ ಭಾಗ ತಿರುಗುವ ದಿಕ್ಕಿನಲ್ಲಿ ಮುಂದೆ ಇರಬೇಕು, ಗೇರಿನ ಕಡೆಯದು ಹಿಂದೆ. ತಿರುಗಿಸಿ ಹಾಕಿದೆ, 110 ಬಂತು.

ಹೆಡ್ ಪ್ಲೇನ್ ಮಾಡಿಸಿದ್ದೀನಿ, ಅದರಿಂದ ಟೈಮಿಂಗ್ ಕೆಡುತ್ತದಾ ಅಂತಲೂ ಕೇಳಿದ್ದೀರಿ. ನಿಮ್ಮದರಲ್ಲಿ ಇಲ್ಲ, ಕ್ಯಾಮ್ ಇರುವುದು ಬ್ಲಾಕಿನಲ್ಲಿ. ಮಾರುತಿ 800ರಂತೆ ಕ್ಯಾಮ್ ಹೆಡ್ಡಿನ ಮೇಲಿದ್ದರೆ ಮಾತ್ರ, ಹೆಡ್ ಸವೆದಷ್ಟು ಅದು ಕ್ರ್ಯಾಂಕಿಗೆ ಹತ್ತಿರ ಬಂದು ಟೈಮಿಂಗ್ ಸ್ವಲ್ಪ ಹಿಂದೆ ಬೀಳುತ್ತದೆ.

ಟ್ಯಾಪೆಟ್ ಹಳೆಯದನ್ನು ಹೊಸ ಕ್ಯಾಮ್ ಮೇಲೆ ಹಾಕಬೇಡಿ. ಲೋಬುಗಳಿಗೆ ಮಾಲಿಬ್ಡಿನಮ್ ಪೇಸ್ಟ್ ಹಚ್ಚಿ, ಸ್ಟಾರ್ಟ್ ಆದ ಕೂಡಲೇ ಐಡ್ಲಿಂಗಿಗೆ ಬಿಡದೆ 2000 ಆರ್‌ಪಿಎಂ ಆಸುಪಾಸು 20 ನಿಮಿಷ ಓಡಿಸಿ. ರೇಡಿಯೇಟರ್ ತುಂಬಿರಲಿ. ಇದನ್ನೆಲ್ಲ ಬೆಳಿಗ್ಗೆ ಹತ್ತರೊಳಗೆ ಮುಗಿಸಿ, ನಮ್ಮೂರ ಮೇ ತಿಂಗಳಲ್ಲಿ ಹನ್ನೆರಡಕ್ಕೆ ಬಿಸಿಲಿಗಿಟ್ಟ ಪಾನಾ ಕೈಯಲ್ಲಿ ಹಿಡಿಯಲಾಗುವುದಿಲ್ಲ.

ಇನ್ನೊಂದು, ಕ್ಯಾಮ್ ನಟ್ ಪೂರ್ತಿ ಬಿಗಿದ ಮೇಲೆ ಕೈಯಿಂದ ಎರಡು ಸುತ್ತು ತಿರುಗಿಸಿ ಮತ್ತೊಮ್ಮೆ ರೀಡಿಂಗ್ ತೆಗೆಯಿರಿ. ಅದೇ ಅಂಕಿ ಬಂದರೆ ಲಾಕ್ ವಾಷರ್ ಮಡಚಿ ಕವರ್ ಹಾಕಿ.