ಪೇಲ್ ಏಲ್‌ನಲ್ಲಿ ಕಹಿ ಮಾತ್ರ ತಿಳಿಯುತ್ತಿದ್ದರೆ

ಪೇಲ್ ಏಲ್ ಎಂಬ ಬಗೆಯ ಬಿಯರ್ ಕುಡಿದಾಗ ಲೇಬಲ್‌ನಲ್ಲಿ ಬರೆದಿರುವ ಕಿತ್ತಳೆ, ಪೈನ್ ಮರದ ಪರಿಮಳ ಸಿಗದೆ ಬರಿಯ ಕಹಿಯೇ ತಿಳಿಯುತ್ತದೆ ಎಂದು ನೀವು ಕೇಳಿದ್ದೀರಿ. ಇದಕ್ಕೆ ಬಹುಮಟ್ಟಿಗೆ ಕಾರಣ, ನೀವು ಬಿಯರನ್ನು ಫ್ರಿಜ್‌ನಿಂದ ತೆಗೆದ ಕೂಡಲೇ ಕ್ಯಾನ್‌ನಿಂದಲೇ ಕುಡಿಯುತ್ತಿರುವುದು. ಬಿಯರ್‌ಗೆ ಹಾಕುವ ಹಾಪ್ಸ್ ಎಂಬ ಹೂವಿನ ಆಲ್ಫಾ ಆಮ್ಲಗಳು ತಯಾರಿಕೆಯಲ್ಲಿ ಕುದಿಯುವಾಗ ರೂಪಾಂತರಗೊಂಡು ಕೊಡುವ ಕಹಿಯನ್ನು ನಾಲಿಗೆ ಗ್ರಹಿಸುತ್ತದೆ. ಹಣ್ಣಿನ ಪರಿಮಳವಾದರೋ ಅದೇ ಹಾಪ್ಸ್‌ನ ಬೇಗ ಆವಿಯಾಗುವ ತೈಲಗಳದ್ದು, ತೀರ ತಣ್ಣಗಿರುವಾಗ ಅದು ಮೂಗಿನವರೆಗೆ ಏರುವುದು ತೀರ ಕಡಿಮೆ.

ಹೊರತೆಗೆದು ಹತ್ತು ಹದಿನೈದು ನಿಮಿಷ ಬಿಟ್ಟು, ಸುಮಾರು 7ರಿಂದ 10 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ, ಸೋಪು ಅಥವಾ ಜಿಡ್ಡಿನ ಅಂಶವಿಲ್ಲದ, ಬಾಯಿ ತುಸು ಕಿರಿದಾದ ಗ್ಲಾಸಿಗೆ ನೊರೆ ಏಳುವಂತೆ ಅರ್ಧದಷ್ಟು ಮಾತ್ರ ಸುರಿಯಿರಿ. ಮೆಲ್ಲಗೆ ಸುತ್ತಿಸಿ, ಗುಟುಕರಿಸುವ ಮೊದಲೇ ಎರಡು ಮೂರು ಸಲ ಚಿಕ್ಕದಾಗಿ ಮೂಸಿ ನೋಡಿ. ನನ್ನ ಅನುಭವದಲ್ಲಿ ಅತಿ ಹೆಚ್ಚು ವ್ಯತ್ಯಾಸ ಮಾಡಿದ ಹಂತ ಇದೇ, ದಯವಿಟ್ಟು ಬಿಡಬೇಡಿ. ಬಳಿಕ ಒಂದು ಗುಟುಕು ನುಂಗಿ, ಬಾಯಿ ಮುಚ್ಚಿಕೊಂಡು ಮೂಗಿನಿಂದ ಉಸಿರು ಬಿಡಿ.

ಆಗಲೂ ಪರಿಮಳ ಬಾರದಿದ್ದರೆ ಬಿಯರ್ ಹಳೆಯದಾಗಿರಬಹುದು, ನಿಮ್ಮ ವಿವರಣೆಯಿಂದ ಮಾತ್ರ ಅದನ್ನು ಖಚಿತವಾಗಿ ಹೇಳಲಾಗದು. ಒದ್ದೆ ರಟ್ಟಿನಂಥ ವಾಸನೆಯಿದ್ದರೆ ಅದು ಆಕ್ಸಿಡೀಕರಣದ, ಅಂದರೆ ಆಮ್ಲಜನಕ ತಾಗಿ ಕೆಟ್ಟಿರುವುದರ, ಗುರುತು. ಹಾಗಿದ್ದಲ್ಲಿ ತಯಾರಿಕೆಯ ದಿನಾಂಕ ನೋಡಿ, ಮೂರು ತಿಂಗಳೊಳಗಿನ, ತಂಪಿನಲ್ಲೇ ಇಟ್ಟಿದ್ದ ಕ್ಯಾನ್ ತಂದು ಇದೇ ಕ್ರಮದಲ್ಲಿ ಮತ್ತೊಮ್ಮೆ ಸವಿಯಿರಿ.